ಬೀರುವಿನಲ್ಲಿ ಮಲಗಿರುವ ಅಪ್ಪನ ವಾಚನ್ನು ಮತ್ತೆ ಓಡಿಸುವುದು ಹೇಗೆ?

ನಮ್ಮ ಕಡೆ ಎಷ್ಟೋ ಮನೆಗಳ ಬೀರುವಿನಲ್ಲಿ ಒಂದು ಎಚ್‌ಎಂಟಿ ವಾಚು ಮಲಗಿದೆ. ಒಡವೆ ಡಬ್ಬಿಯ ಪಕ್ಕ, ಹಳೆಯ ಪಾಸ್‌ಬುಕ್ಕುಗಳ ಕೆಳಗೆ, ಕರ್ಚೀಫಿನಲ್ಲಿ ಸುತ್ತಿ ಇಟ್ಟಿರುತ್ತಾರೆ. ಬೆಲ್ಟು ಹರಿದಿರುತ್ತದೆ, ಗ್ಲಾಸು ಮಸುಕಾಗಿರುತ್ತದೆ. ಬಿಸಾಡಲು ಯಾರಿಗೂ ಮನಸ್ಸಿಲ್ಲ. ಕಟ್ಟಿಕೊಳ್ಳುವವರೂ ಇಲ್ಲ. ಕೇಳಿದರೆ "ಅದು ಕೆಟ್ಟುಹೋಗಿದೆ" ಅನ್ನುತ್ತಾರೆ. ಆದರೆ ಇಂಥ ವಾಚುಗಳು ಬಹಳಷ್ಟು ಸಲ ಕೆಟ್ಟಿರುವುದಿಲ್ಲ. ಒಳಗಿನ ಎಣ್ಣೆ ಒಣಗಿರುತ್ತದೆ, ಅಷ್ಟೆ.

ನನ್ನ ಅಪ್ಪನ ಜನತಾ ಮಾಡೆಲಿನ ಎಚ್‌ಎಂಟಿ ವಾಚು ಹೀಗೆ 18 ವರ್ಷ ಮಲಗಿತ್ತು. ಈಗ ನನ್ನ ಕೈಯಲ್ಲಿ ಓಡುತ್ತಿದೆ. ಅದಕ್ಕೂ ಮೊದಲು ಚಿಕ್ಕಪ್ಪನ ಎಚ್‌ಎಂಟಿ ಪೈಲಟ್ ವಾಚನ್ನು ಅವಸರ ಮಾಡಿ ಹಾಳು ಮಾಡಿಸಿಕೊಂಡೆ. ಆ ಎರಡು ವಾಚುಗಳಿಂದ ಕಲಿತದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಹಳೆಯ ವಾಚಿಗೆ ವಯಸ್ಸಿಗಿಂತ ತಪ್ಪು ಕೈಗಳೇ ಜಾಸ್ತಿ ಹಾನಿ ಮಾಡುತ್ತವೆ. ಹಾಗಾಗಿ ಏನು ಮಾಡಬೇಕು ಅನ್ನುವಷ್ಟೇ ಏನು ಮಾಡಬಾರದು ಅನ್ನುವುದನ್ನೂ ಹೇಳುತ್ತೇನೆ.

ಶುರು ಮಾಡುವ ಮುಂಚೆ ಸ್ವಲ್ಪ ಹಿನ್ನೆಲೆ ಬೇಕು. ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಫ್ಯಾಕ್ಟರಿ ಶುರು ಮಾಡಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಆಮೇಲೆ ತುಮಕೂರು, ಶ್ರೀನಗರ, ರಾಣಿಬಾಗ್‌ನಲ್ಲೂ ಫ್ಯಾಕ್ಟರಿಗಳು ಬಂದವು. ಕೆಲಸ ಸಿಕ್ಕಿದಾಗ ಒಂದು ವಾಚು, ಮದುವೆಯಲ್ಲಿ ಅಳಿಯನಿಗೆ ಒಂದು ವಾಚು, ನಿವೃತ್ತಿಯ ದಿನ ಹಾರದ ಜೊತೆ ಒಂದು ವಾಚು. ಎಲ್ಲವೂ ಹೆಚ್ಚುಕಡಿಮೆ ಎಚ್‌ಎಂಟಿಯೇ. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಇದರಿಂದ ನಮಗೆ ತಿಳಿಯಬೇಕಾದದ್ದು ಎರಡು. ನಿಮ್ಮ ವಾಚಿನ ಅಸಲಿ ಡಯಲ್ಲು, ಮುಳ್ಳು ಹೋದರೆ ಅಂಥದ್ದೇ ಹೊಸದು ಫ್ಯಾಕ್ಟರಿಯಿಂದ ಬರುವುದಿಲ್ಲ. ಆದರೆ ಕೋಟಿಗಟ್ಟಲೆ ವಾಚುಗಳು ತಯಾರಾಗಿರುವುದರಿಂದ ಇನ್ನೊಂದು ಹಳೆಯ ವಾಚಿನಿಂದ ಬಿಚ್ಚಿದ ಮೆಷಿನ್ ಭಾಗಗಳು ಇನ್ನೂ ಸಿಗುತ್ತವೆ.

ಮೊದಲ ಕೆಲಸ: ಕೀ ಕೊಡಬೇಡಿ

ವಾಚು ಕೈಗೆ ಸಿಕ್ಕ ತಕ್ಷಣ ಎಲ್ಲರೂ ಕೀ ಕೊಡುತ್ತಾರೆ. ಬೇಡ. ಒಣಗಿದ ಎಣ್ಣೆ ಒಳಗೆ ಅಂಟಿನ ಹಾಗೆ ಆಗಿರುತ್ತದೆ. ಅದರಲ್ಲಿ ಧೂಳೂ ಸೇರಿರುತ್ತದೆ. ಆ ಸ್ಥಿತಿಯಲ್ಲಿ ದಿನಗಟ್ಟಲೆ ಓಡಿಸಿದರೆ ಗಾಲಿಗಳ ಸಣ್ಣ ಅಚ್ಚುಗಳು ಸವೆಯುತ್ತವೆ. ಎಣ್ಣೆ ಇಲ್ಲದ ಗಾಣ ತಿರುಗಿಸಿದ ಹಾಗೆ.

ಮೊದಲು ಕಿಟಕಿಯ ಬೆಳಕಿನಲ್ಲಿ ಸುಮ್ನೆ ನೋಡಿ. ಮುಂದೆ, ಹಿಂದೆ, ಪಕ್ಕದಿಂದ ಫೋಟೊ ತೆಗೆಯಿರಿ. ಡಯಲ್ಲಿನ ಫೋಟೊವನ್ನು ತೀರಾ ಹತ್ತಿರದಿಂದ ತೆಗೆಯಿರಿ. ಇದು ಮುಂದೆ ಅಂಗಡಿಯಲ್ಲಿ ನಿಮಗೆ ಸಾಕ್ಷಿ. ಹಿಂದಿನ ಮುಚ್ಚಳದ ಮೇಲಿನ ನಂಬರನ್ನು ಬರೆದಿಟ್ಟುಕೊಳ್ಳಿ. ಕೀ ಕೊಡುವ ಗುಂಡಿಯ ಸುತ್ತ ತುಕ್ಕು ಇದೆಯಾ? ಬೆಲ್ಟಿನ ಹತ್ತಿರ ಹಸಿರು ಕಿಲುಬು ಕಟ್ಟಿದೆಯಾ? ಗ್ಲಾಸಿನ ಒಳಗೆ ನೀರು ಇಳಿದ ಕಲೆ ಇದೆಯಾ? ಮೂರೂ ಇಲ್ಲದಿದ್ದರೆ ಒಳಗಿನ ಮೆಷಿನ್ ಚೆನ್ನಾಗಿರುವ ಸಾಧ್ಯತೆ ಹೆಚ್ಚು.

ಆಮೇಲೆ ವಾಚನ್ನು ಕಿವಿಗೆ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿ. ಅಲುಗಾಡಿಸಬೇಡಿ, ತಿರುಗಿಸಿ ಸಾಕು. ಒಳಗೆ ನಾಲ್ಕೈದು ಸಲ ಟಿಕ್ ಟಿಕ್ ಎಂದು ನಿಂತರೆ ಅದು ತುಂಬಾ ಒಳ್ಳೆಯ ಸುದ್ದಿ. ಬ್ಯಾಲೆನ್ಸ್ ಚಕ್ರ ಮುರಿದಿಲ್ಲ ಎಂದು ಅರ್ಥ. ಅತ್ತಿತ್ತ ತೂಗುವ ವಾಚಿನ ಹೃದಯವೇ ಅದು. ಅಪ್ಪನ ವಾಚಿನಿಂದ 18 ವರ್ಷದ ನಂತರ ಆ ನಾಲ್ಕು ಟಿಕ್ ಕೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಇಷ್ಟಾದ ಮೇಲೆ ಎರಡು ಸುತ್ತು ಮಾತ್ರ ಕೀ ಕೊಟ್ಟು ನೋಡಿ. ಗುಂಡಿ ಎಲ್ಲೂ ಬಿಗಿಯಾಗದೆ ಸಲೀಸಾಗಿ ತಿರುಗುತ್ತಲೇ ಇದ್ದರೆ ಮೇನ್‌ಸ್ಪ್ರಿಂಗ್, ಅಂದರೆ ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಸ್ಪ್ರಿಂಗ್, ತುಂಡಾಗಿರಬಹುದು. ಶುರುವಿನಲ್ಲೇ ಬಿಗಿಯಾಗಿದ್ದರೆ ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಿದೆ, ಆದರೆ ಮೆಷಿನ್ ಒಣಗಿ ಅಂಟಿಕೊಂಡಿದೆ. "ಕೀ ಜಾಸ್ತಿ ಕೊಟ್ಟು ಕೆಟ್ಟಿತು" ಅನ್ನುವ ಮಾತು ಹುಟ್ಟಿದ್ದೇ ಇಲ್ಲಿಂದ. ಜಾಸ್ತಿ ಕೀ ಕೊಟ್ಟಿದ್ದಕ್ಕೆ ಅದು ನಿಂತಿಲ್ಲ. ನಿಂತಿದ್ದು ಎಣ್ಣೆ ಒಣಗಿದ್ದಕ್ಕೆ. ಎರಡೂ ಸಂದರ್ಭದಲ್ಲಿ ಬಲ ಹಾಕಬೇಡಿ.

ನಿಮ್ಮ ಕೈಯಲ್ಲಿರುವುದು ಯಾವ ಜಾತಿಯ ವಾಚು?

ಸೆಕೆಂಡ್ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಟ್ಟರೆ ಅದು ಕ್ವಾರ್ಟ್ಜ್, ಸೆಲ್ ಹಾಕುವ ವಾಚು. ಮುಳ್ಳು ಹರಿಯುವ ಹಾಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹೋದರೆ ಅದು ಸ್ಪ್ರಿಂಗಿನ ವಾಚು. ಸ್ಪ್ರಿಂಗಿನದರಲ್ಲಿ ಎರಡು ಬಗೆ. ಕೈಯಿಂದ ಕೀ ಕೊಡುವಂಥದ್ದು ಒಂದು. ಕೈ ಆಡಿದ ಹಾಗೆ ತಾನೇ ಕೀ ಸುತ್ತಿಕೊಳ್ಳುವ ಆಟೊಮ್ಯಾಟಿಕ್ ಇನ್ನೊಂದು. ಆಟೊಮ್ಯಾಟಿಕ್ ಆದರೆ ವಾಚನ್ನು ತಿರುಗಿಸಿದಾಗ ಒಳಗೆ ಒಂದು ತೂಕ ಜಾರುವುದು ಗೊತ್ತಾಗುತ್ತದೆ.

ಜನತಾ, ಪೈಲಟ್, ಕೊಹಿನೂರ್ ಇವೆಲ್ಲ ಕೀ ಕೊಡುವ ವಾಚುಗಳು. ಕಾಂಚನ ಆಟೊಮ್ಯಾಟಿಕ್. ಒಂದು ಕಾಲದಲ್ಲಿ ಮದುವೆಗೆ ಅದೇ ಬೇಕು ಅನ್ನುತ್ತಿದ್ದರು. ಮಂಗಳೂರು, ಭಟ್ಕಳದ ಕಡೆಯ ಮನೆಗಳಲ್ಲಾದರೆ ಗಲ್ಫ್‌ನಿಂದ ತಂದ ಸೀಕೋ 5, ಸಿಟಿಜನ್ ಆಟೊಮ್ಯಾಟಿಕ್ ಸಿಗುವುದೇ ಜಾಸ್ತಿ.

ಜನತಾದ ಡಯಲ್ ಮೇಲೆ 17 ಜ್ಯೂವೆಲ್ಸ್ ಎಂದು ಬರೆದಿರುತ್ತದೆ. ಇವು ಒಡವೆ ಕಲ್ಲುಗಳಲ್ಲ. ಗಾಲಿಯ ಅಚ್ಚು ಕೂರಲು ಮಾಡಿದ, ಕಾರ್ಖಾನೆಯಲ್ಲಿ ತಯಾರಾದ ಕೆಂಪು ಮಾಣಿಕ್ಯದ ಚಿಕ್ಕ ಚಿಕ್ಕ ಗೂಡುಗಳು. ಸವೆಯಬಾರದು ಅಂತ ಅಷ್ಟು ಗಟ್ಟಿ ಕಲ್ಲು ಬಳಸುತ್ತಾರೆ. ಪಾರಾಶಾಕ್ ಎಂದು ಬರೆದಿದ್ದರೆ, ವಾಚು ಬಿದ್ದಾಗ ಬ್ಯಾಲೆನ್ಸಿನ ಅಚ್ಚು ಮುರಿಯದಂತೆ ಒಂದು ಪುಟ್ಟ ಸ್ಪ್ರಿಂಗು ಪೆಟ್ಟನ್ನು ತಾಳಿಕೊಳ್ಳುತ್ತದೆ ಎಂದು ಅರ್ಥ.

ಜನತಾದ ಮೆಷಿನ್ ಗಂಟೆಗೆ 18,000 ಸಲ ಬಡಿಯುತ್ತದೆ. ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ಒಂದು ವರ್ಷ ಓಡಿದರೆ 15 ಕೋಟಿಗೂ ಜಾಸ್ತಿ ಬಡಿತ. ಇಷ್ಟು ಕೆಲಸವನ್ನು ಸೂಜಿಮೊನೆಯಷ್ಟು ಎಣ್ಣೆ ನಡೆಸುತ್ತದೆ. ಎಣ್ಣೆಯ ಬಗ್ಗೆ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಡಯಲ್ ಅಸಲಿಯಾ ಅಂತ ನೋಡುವುದು

ಮನೆಯ ವಾಚಾದರೆ ಈ ಚಿಂತೆ ಕಡಿಮೆ. ಹಳೆಯ ಎಚ್‌ಎಂಟಿ ಕೊಳ್ಳಲು ಹೊರಟಿದ್ದರೆ ಇದೇ ದೊಡ್ಡ ಚಿಂತೆ. ಆನ್‌ಲೈನಿನಲ್ಲಿ ಸಿಗುವ ಹೊಳೆಯುವ ಕೆಂಪು, ಹಸಿರು, ಕಿತ್ತಳೆ ಡಯಲ್ಲಿನ ಎಚ್‌ಎಂಟಿಗಳು ಸಾಮಾನ್ಯವಾಗಿ ಮತ್ತೆ ಬಣ್ಣ ಬಳಿದವು. ಕೇಸು ಒಂದು ವಾಚಿನದು, ಮುಳ್ಳು ಇನ್ನೊಂದರದು, ಮೆಷಿನ್ ಮತ್ತೊಂದರದು. ಓಡುತ್ತವೆ, ನಿಜ. ಆದರೆ ಹಳೆಯ ವಾಚು ಎಂದು ದುಡ್ಡು ಕೊಡುವುದಕ್ಕೆ ಅವು ಯೋಗ್ಯವಲ್ಲ.

ಭೂತಗನ್ನಡಿ ಹಿಡಿದು ನೋಡಿ. ಅಸಲಿ ಡಯಲ್ಲಿನ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಬಣ್ಣ ಬಳಿದದ್ದರಲ್ಲಿ ಅಕ್ಷರ ದಪ್ಪ, ಅಂಚು ಉಬ್ಬಿದ ಹಾಗೆ. ಸಾಲು ಸ್ವಲ್ಪ ಓರೆ ಇರುತ್ತದೆ. ಅಸಲಿಯಲ್ಲಿ 6ರ ಅಂಕಿಯ ಕೆಳಗೆ, ಡಯಲ್ಲಿನ ಅಂಚಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದ ಸಾಲೊಂದು ಇರುವುದು ಸಾಮಾನ್ಯ. ಅದು ಇಲ್ಲದಿದ್ದರೆ, ಅಥವಾ ಒರಟಾಗಿದ್ದರೆ ಅನುಮಾನಪಡಿ. ನಿಮಿಷದ ಮುಳ್ಳು ನಿಮಿಷದ ಗೆರೆಗಳ ತನಕ ಮುಟ್ಟಬೇಕು. ಗಿಡ್ಡವಾಗಿದ್ದರೆ ಮುಳ್ಳು ಬದಲಾಗಿದೆ. ಇನ್ನೊಂದು ಸುಲಭದ ಗುರುತು ಇದೆ. ಕೇಸು ಸವೆದು ಹೋಗಿದ್ದು, ಡಯಲ್ ಮಾತ್ರ ನಿನ್ನೆ ಮಾಡಿದಂತೆ ಹೊಳೆಯುತ್ತಿದ್ದರೆ ಎರಡಕ್ಕೂ ಒಂದೇ ವಯಸ್ಸು ಇರಲು ಸಾಧ್ಯವಿಲ್ಲ, ಅಲ್ವಾ?

ಅಸಲಿ ವಾಚು ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಫೋಟೊ ನೋಡಿ ಕಲಿಯುವುದಕ್ಕಿಂತ ಒಂದು ಗಂಟೆ ಅಲ್ಲಿ ನಿಂತು ನೋಡುವುದು ಮೇಲು.

ರಿಪೇರಿ ಅಂಗಡಿಗೆ ಹೋಗುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ. ಚಿಕ್ಕಪ್ಪನ ಪೈಲಟ್ ವಾಚಿನ ಕಥೆಯನ್ನು ಇಲ್ಲೇ ಹೇಳಬೇಕು. ಕಪ್ಪು ಡಯಲ್, ಅಂಚಿನಲ್ಲಿ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತ್ತು. ನೋಡಲು ಚೆಂದವಿತ್ತು. ಒಂದು ಅಂಗಡಿಗೆ ಕೊಟ್ಟು "ಸರ್ವಿಸ್ ಮಾಡಿ" ಎಂದಷ್ಟೇ ಹೇಳಿ ಬಂದೆ. ವಾರ ಬಿಟ್ಟು ಹೋದಾಗ ವಾಚು ಹೊಳೆಯುತ್ತಿತ್ತು. ಡಯಲ್ಲಿಗೆ ಹೊಸ ಬಣ್ಣ, ಹೊಸ ಅಕ್ಷರ. ಹಳೆಯ ಬಣ್ಣವನ್ನು ಕೆರೆದು ತೆಗೆದಿದ್ದರು. ಅವರ ಪ್ರಕಾರ ಅದು ನನಗೆ ಮಾಡಿದ ಉಪಕಾರ. ಚಿಕ್ಕಪ್ಪ ಮೂವತ್ತು ವರ್ಷ ನೋಡಿದ ಡಯಲ್ ಅವತ್ತಿಗೆ ಮುಗಿಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಏನು ಮಾಡಬಾರದು ಎಂದು ಬಾಯಿಬಿಟ್ಟು ಹೇಳದೆ ಬಂದಿದ್ದೆ. ನೀವು ಹೇಳಿಯೇ ಬನ್ನಿ.

ಅಂಗಡಿ ಹುಡುಕುವಾಗ ಮೇಜಿನ ಮೇಲೆ ಏನಿದೆ ನೋಡಿ. ಬರೀ ಸೆಲ್, ಬೆಲ್ಟು ಬದಲಿಸುವ ಅಂಗಡಿ ಬೇರೆ. ಸ್ಪ್ರಿಂಗಿನ ವಾಚು ಬಿಚ್ಚುವವರು ಬೇರೆ. ಬಿಚ್ಚಿದ ಗಾಲಿಗಳ ಮೇಲೆ ಗಾಜಿನ ಬಟ್ಟಲು ಮುಚ್ಚಿಟ್ಟಿದ್ದಾರಾ? ಸಣ್ಣ ಎಣ್ಣೆ ಬಟ್ಟಲುಗಳಿಗೆ ಮುಚ್ಚಳ ಇದೆಯಾ? ಕಣ್ಣಿಗೆ ಲೆನ್ಸ್ ಇಟ್ಟುಕೊಂಡು ಹಳೆಯ ವಾಚೊಂದರ ಮೇಲೆ ಕೆಲಸ ನಡೆದಿದೆಯಾ? ಇವೆಲ್ಲ ಒಳ್ಳೆಯ ಲಕ್ಷಣಗಳು. ನನಗೆ ಸಿಕ್ಕವರು ವಾಚ್ ಫ್ಯಾಕ್ಟರಿಯಲ್ಲೇ ದುಡಿದು ನಿವೃತ್ತರಾದ ಹಿರಿಯರು. ಬೆಂಗಳೂರು, ತುಮಕೂರಿನಲ್ಲಿ ಅಂಥವರು ಇನ್ನೂ ಇದ್ದಾರೆ. ವಿಚಾರಿಸಿದರೆ ಸಿಗುತ್ತಾರೆ. ಅವರ ಕೈ ಇರುವಾಗಲೇ ನಿಮ್ಮ ವಾಚನ್ನು ಮಾಡಿಸಿಕೊಳ್ಳಿ.

ಅವರನ್ನು ಗೌರವದಿಂದಲೇ ಕೇಳಿ: "ಯಜಮಾನರೇ, ಮೆಷಿನ್ ಪೂರ್ತಿ ಬಿಚ್ಚಿ ತೊಳೀತೀರಾ?" ಈ ಒಂದು ಪ್ರಶ್ನೆಯಲ್ಲಿ ಎಲ್ಲ ಇದೆ. ಯಾಕೆಂದರೆ ಕೆಲವರು ಮೆಷಿನ್ ಬಿಚ್ಚದೆ ಹಾಗೇ ಪೆಟ್ರೋಲಿನಲ್ಲಿ ಅದ್ದಿ, ಒಣಗಿಸಿ, ಮೇಲಿಂದ ಎರಡು ಹನಿ ಎಣ್ಣೆ ಬಿಟ್ಟು ಕೊಡುತ್ತಾರೆ. ವಾಚು ಅವತ್ತು ಓಡುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ನಿಲ್ಲುತ್ತದೆ. ಕಲ್ಲಿನ ಗೂಡುಗಳಲ್ಲಿದ್ದ ಹಳೆಯ ಜಿಡ್ಡು ಅಲ್ಲೇ ಉಳಿದಿರುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಸಡಿಲಿಸುತ್ತಾರೆ. ಮುಳ್ಳು, ಡಯಲ್ ತೆಗೆದು ಪಕ್ಕಕ್ಕಿಡುತ್ತಾರೆ. ಬ್ಯಾಲೆನ್ಸ್, ಗಾಲಿಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡುವ ಪ್ಯಾಲೆಟ್, ಗಾಲಿಗಳು, ಮೇನ್‌ಸ್ಪ್ರಿಂಗ್ ಎಲ್ಲ ಬಿಡಿಬಿಡಿಯಾಗಿ ಬಿಚ್ಚಿ ತೊಳೆಯುತ್ತಾರೆ. ಕಲ್ಲಿನ ತೂತುಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ಒಂದೊಂದಾಗಿ ಉಜ್ಜುತ್ತಾರೆ. ಆಮೇಲೆ ಜೋಡಿಸುತ್ತಾ ಎಣ್ಣೆ ಇಡುತ್ತಾರೆ. ಎಲ್ಲಕ್ಕೂ ಒಂದೇ ಎಣ್ಣೆ ಅಲ್ಲ. ಬೇಗ ತಿರುಗುವ ಬ್ಯಾಲೆನ್ಸಿಗೆ ಮೋಬಿಯಸ್ 9010ರಂಥ ತೆಳು ಎಣ್ಣೆ, ನಿಧಾನದ ಗಾಲಿಗಳಿಗೆ ಮತ್ತು ಕೀ ಕೊಡುವ ಭಾಗಕ್ಕೆ ಮಂದ ಎಣ್ಣೆ ಅಥವಾ ಗ್ರೀಸ್, ಪ್ಯಾಲೆಟ್ಟಿನ ಕಲ್ಲುಗಳಿಗೆ ಬೇರೆಯದೇ. ಬ್ಯಾಲೆನ್ಸನ್ನು ತೂಗಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಎಣ್ಣೆ ಸೋಕಲೇಬಾರದು. ಸೋಕಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ಓಡೋಡಿ ಮುಂದೆ ಹೋಗುತ್ತದೆ. ಮನೆಯಲ್ಲಿ ತೆಂಗಿನೆಣ್ಣೆ, ಹೊಲಿಗೆ ಮೆಷಿನ್ನಿನ ಎಣ್ಣೆ ಬಿಡುವ ಸಾಹಸ ಯಾಕೆ ಬೇಡ ಎಂದು ಈಗ ಗೊತ್ತಾಯಿತಲ್ಲ. ನಿಮ್ಮ ಕೈ ಎಷ್ಟೇ ಸೂಕ್ಷ್ಮ ಇರಲಿ, ಅಪ್ಪನ ವಾಚಿನ ಮೇಲೆ ಕಲಿಯಬೇಡಿ. ಕಲಿಯುವ ಆಸೆ ಇದ್ದರೆ ಗುಜರಿಯಲ್ಲಿ ಸಿಗುವ ಓಡದ ವಾಚು ತಂದು ಅದನ್ನು ಬಿಚ್ಚಿ ನೋಡಿ.

ವಾಚು ಕೊಟ್ಟು ಬರುವಾಗ ರಸೀದಿಯ ಮೇಲೆ ಈ ನಾಲ್ಕು ಮಾತು ಬರೆಸಿ:

- ಡಯಲ್ಲಿಗೆ ಬಣ್ಣ ಹಾಕಬಾರದು, ಒರೆಸಲೂಬಾರದು.
- ಕೇಸಿಗೆ ಮೆಷಿನ್ನಿನಲ್ಲಿ ಪಾಲಿಶ್ ಬೇಡ.
- ಯಾವ ಭಾಗ ಬದಲಿಸಿದರೂ ಹಳೆಯದನ್ನು ವಾಪಸ್ ಕೊಡಬೇಕು.
- ಗ್ಲಾಸು ಬದಲಿಸುವ ಮುಂಚೆ ಫೋನ್ ಮಾಡಬೇಕು.

ದರ ಮೊದಲೇ ಕೇಳಿ. ತೀರಾ ಕಡಿಮೆ ಹೇಳಿದರೆ ಖುಷಿಪಡಬೇಡಿ. ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿ, ಎರಡು ಮೂರು ದಿನ ಓಡಿಸಿ ನೋಡುವುದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಅದಕ್ಕೆ ತಕ್ಕ ಕೂಲಿ ಕೊಡಲೇಬೇಕು. ಚೌಕಾಸಿ ಮಾಡುವ ಜಾಗ ಇದಲ್ಲ. "ಇವತ್ತೇ ಸಂಜೆ ಕೊಡ್ತೀನಿ" ಅಂದರೆ ವಾಚನ್ನು ವಾಪಸ್ ಜೇಬಿಗೆ ಹಾಕಿಕೊಳ್ಳಿ.

ಒಮ್ಮೆ ಸರಿಯಾಗಿ ಸರ್ವಿಸ್ ಆದರೆ ದಿನಾ ಕಟ್ಟುವ ವಾಚಿಗೆ ಮುಂದಿನ ನಾಲ್ಕೈದು ವರ್ಷ ಚಿಂತೆಯಿಲ್ಲ.

ಗ್ಲಾಸು, ಕೇಸು, ಬೆಲ್ಟು: ಮನೆಯಲ್ಲೇ ಮಾಡಬಹುದಾದದ್ದು

ಹಳೆಯ ಎಚ್‌ಎಂಟಿಯ ಗ್ಲಾಸು ನಿಜವಾಗಿ ಗಾಜಲ್ಲ, ಆಕ್ರಿಲಿಕ್. ಹಾಗಾಗಿ ಬೇಗ ಗೀರು ಬೀಳುತ್ತದೆ. ಆದರೆ ಗೀರು ಹೋಗಿಸುವುದೂ ಅಷ್ಟೇ ಸುಲಭ. ಕೇಸಿನ ಅಂಚಿಗೆ, ಗುಂಡಿಗೆ ಟೇಪು ಅಂಟಿಸಿ. ಮೆತ್ತನೆಯ ಹತ್ತಿ ಬಟ್ಟೆಗೆ ಕಾಳಿನಷ್ಟು ಪಾಲಿವಾಚ್ ಎಂಬ ಗ್ಲಾಸು ಪಾಲಿಶ್ ಪೇಸ್ಟ್ ಅಥವಾ ಮಾಮೂಲಿ ಬಿಳಿ ಟೂತ್‌ಪೇಸ್ಟ್ ಹಚ್ಚಿ, ಐದು ನಿಮಿಷ ಸುತ್ತಲೂ ಉಜ್ಜಿ. ಜೆಲ್ ಪೇಸ್ಟ್ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಬೇಕಿದ್ದರೆ ಮತ್ತೆ ಮಾಡಿ. ಮಸುಕು ಕಳೆದು ಕೆಳಗಿನ ಡಯಲ್ ಮೇಲೆದ್ದು ಬರುವುದನ್ನು ನೋಡುವ ಸಂತೋಷವೇ ಬೇರೆ. ಸ್ಪಿರಿಟ್ಟು, ಥಿನ್ನರ್ ಮಾತ್ರ ಹಚ್ಚಬೇಡಿ. ಆಕ್ರಿಲಿಕ್ ಒಳಗೇ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಗ್ಲಾಸನ್ನು ಉಳಿಸಲು ಹೋಗದೆ ಬದಲಿಸಿ. ಅದು ದುಬಾರಿಯಲ್ಲ, ಮೇಲಾಗಿ ಬಿರುಕಿನಿಂದಲೇ ತೇವ ಒಳಗೆ ಹೋಗುವುದು. ಹೊಸ ವಾಚುಗಳ ಖನಿಜ ಗಾಜು, ಸಫೈರ್ ಗಾಜಿಗೆ ಈ ಉಜ್ಜುವ ಉಪಾಯ ನಡೆಯುವುದಿಲ್ಲ.

ಚಿನ್ನದ ಲೇಪನದ ಕೇಸನ್ನು ಉಜ್ಜಲೇಬೇಡಿ. ಲೇಪನ ಎದ್ದು ಹೋಗುತ್ತದೆ. ಮೆತ್ತನೆ ಬಟ್ಟೆಯಿಂದ ಒರೆಸಿ, ಸಂದಿಯಲ್ಲಿ ಕೂತ ಕೊಳೆಯನ್ನು ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ. ಸ್ಟೀಲ್ ಚೈನಾದರೆ ಪಿನ್ನು ತೆಗೆದು ಚೈನನ್ನು ಬೇರೆ ಮಾಡಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಟೂತ್‌ಬ್ರಶ್‌ನಿಂದ ತೊಳೆಯಿರಿ. ನೀರಿನ ಬಣ್ಣ ನೋಡಿದರೆ ನಿಮಗೇ ಅಚ್ಚರಿಯಾಗುತ್ತದೆ. ವಾಚಿನ ತಲೆ ಮಾತ್ರ ಆ ನೀರಿನ ಹತ್ತಿರವೂ ಸುಳಿಯಬಾರದು.

ಬೆಲ್ಟು ಕೊಳ್ಳುವ ಮುಂಚೆ ಕೇಸಿನಲ್ಲಿ ಬೆಲ್ಟು ಸಿಕ್ಕಿಸುವ ಎರಡು ಕೊಂಬುಗಳ ನಡುವಿನ ಜಾಗವನ್ನು ಸ್ಕೇಲಿನಲ್ಲಿ ಅಳೆಯಿರಿ. ಜನತಾಕ್ಕೆ 18 ಮಿಲಿಮೀಟರ್ ಬೆಲ್ಟು ಸರಿಹೋಗುತ್ತದೆ. ಬೆಲ್ಟಿನ ಜೊತೆ ಎರಡು ಹೊಸ ಪಿನ್ನೂ ಹಾಕಿಸಿ. ಹಳೆಯ ತುಕ್ಕು ಹಿಡಿದ ಪಿನ್ನು ಒಂದು ದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಕೈಕೊಡುತ್ತದೆ. ಚರ್ಮದ ಬೆಲ್ಟು ಬೆವರು ಕುಡಿಯುತ್ತದೆ. ದಿನ ಬಿಟ್ಟು ದಿನ ಗಾಳಿಗೆ ಬಿಡಿ. ಬೇಸಿಗೆಯಲ್ಲಿ ನೈಲಾನ್ ಬೆಲ್ಟು ಒಳ್ಳೆಯದು, ಒಗೆಯಬಹುದು.

ದಿನದ ರೂಢಿ

ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ. ಅಪ್ಪ ರೇಡಿಯೊದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಕೀ ಕೊಟ್ಟು, ಟೈಮ್ ಸರಿಮಾಡಿಕೊಂಡು, ಆಮೇಲೆ ಕಾಫಿ ಕುಡಿಯುತ್ತಿದ್ದರು. ಇದು ಬರೀ ಅಭ್ಯಾಸಬಲ ಅಲ್ಲ. ಪೂರ್ತಿ ಕೀ ಕೊಟ್ಟ ಜನತಾ ಒಂದೂವರೆ ದಿನದಷ್ಟು ಓಡುತ್ತದೆ. ಆದರೆ ಸ್ಪ್ರಿಂಗು ಸಡಿಲವಾದ ಹಾಗೆ ಬ್ಯಾಲೆನ್ಸಿನ ತೂಗಾಟ ಕಡಿಮೆಯಾಗಿ ಸಮಯವೂ ಏರುಪೇರಾಗುತ್ತದೆ. 24 ಗಂಟೆಗೊಮ್ಮೆ ಕೊಟ್ಟರೆ ವಾಚು ಯಾವಾಗಲೂ ಬಿಗಿ ಸ್ಪ್ರಿಂಗಿನ ಮೇಲೆ ಓಡುತ್ತದೆ.

ಕೈಯಿಂದ ಬಿಚ್ಚಿಕೊಂಡು ಕೀ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಗುಂಡಿಯನ್ನು ಓರೆಯಾಗಿ ಎಳೆದ ಹಾಗಾಗಿ ಅದರ ಕಡ್ಡಿ ಸವೆಯುತ್ತದೆ. ಬೆರಳಿಗೆ ಬಿಗಿ ಗೊತ್ತಾದ ತಕ್ಷಣ ನಿಲ್ಲಿಸಿ. ಸುತ್ತು ಎಣಿಸುವುದು ಬೇಕಾಗಿಲ್ಲ. ವಾರದಲ್ಲಿ ಬೆರಳು ತಾನೇ ಕಲಿಯುತ್ತದೆ.

ತಾರೀಕು ತೋರಿಸುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ತಾರೀಕನ್ನು ಕೈಯಿಂದ ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಕಿನ ಗಾಲಿಗೆ ಹಲ್ಲು ಕಚ್ಚಿಕೊಂಡಿರುತ್ತದೆ. ಬಲ ಹಾಕಿದರೆ ಹಲ್ಲು ಮುರಿಯುತ್ತದೆ. ಮುಳ್ಳುಗಳನ್ನು ಮೊದಲು 6 ಗಂಟೆಗೆ ತಂದುಕೊಂಡು ತಾರೀಕು ಬದಲಿಸಿ, ಆಮೇಲೆ ಸಮಯ ಇಟ್ಟುಕೊಳ್ಳಿ.

ಆಟೊಮ್ಯಾಟಿಕ್ ವಾಚನ್ನು ದಿನಕ್ಕೆ ಎಂಟು ಹತ್ತು ಗಂಟೆ ಕಟ್ಟಿದರೆ ಸಾಕು. 7ಎಸ್26 ಮೆಷಿನ್ನಿನ ಸೀಕೋ 5ಕ್ಕೆ ಗುಂಡಿಯಿಂದ ಕೀ ಕೊಡಲು ಬರುವುದೇ ಇಲ್ಲ. ನಿಂತಿದ್ದರೆ ಅರ್ಧ ನಿಮಿಷ ಮೆಲ್ಲಗೆ ಅತ್ತಿತ್ತ ಆಡಿಸಿ ಕಟ್ಟಿಕೊಳ್ಳಿ.

ವಾಚು ಎಷ್ಟು ಸರಿಯಾಗಿ ಓಡುತ್ತಿದೆ?

ಫೋನಿನ ಸಮಯದ ಜೊತೆ ಹೋಲಿಸಿ. ಒಂದು ವಾರ ದಿನಾ ಒಂದೇ ಹೊತ್ತಿಗೆ ಎಷ್ಟು ಸೆಕೆಂಡ್ ಮುಂದೆ, ಎಷ್ಟು ಹಿಂದೆ ಎಂದು ಬರೆದಿಡಿ. ಹಳೆಯ ಕೀ ವಾಚು ದಿನಕ್ಕೆ 20 ಸೆಕೆಂಡ್ ಆಚೀಚೆ ಹೋದರೆ ಅದು ತಪ್ಪಲ್ಲ. ದಿನಕ್ಕೆ 86,400 ಸೆಕೆಂಡುಗಳಿವೆ. ಬರೀ ಸ್ಪ್ರಿಂಗು, ಗಾಲಿಗಳಿಂದ ನಡೆಯುವ ಒಂದು ವಸ್ತು ಅದರಲ್ಲಿ 20ರಷ್ಟು ಮಾತ್ರ ತಪ್ಪುತ್ತದೆ ಎಂದರೆ ನನಗೆ ಅದು ದೊಡ್ಡ ವಿಸ್ಮಯ. ಸ್ವಿಟ್ಜರ್ಲೆಂಡಿನ ಕ್ರೊನೊಮೀಟರ್ ಪ್ರಮಾಣಪತ್ರ ಸಿಗಬೇಕಾದರೆ ದಿನದ ಸರಾಸರಿ ತಪ್ಪು 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಇಷ್ಟರೊಳಗೆ ಇರಬೇಕು. ಆ ಅಳತೆಯನ್ನು ಜನತಾ ವಾಚಿನ ಮೇಲೆ ಹೇರಬೇಡಿ.

ಇಲ್ಲೊಂದು ಉಪಾಯವಿದೆ. ವಾಚು ಮಲಗಿಸಿದ ಭಂಗಿಯ ಮೇಲೆ ಅದರ ವೇಗ ಸ್ವಲ್ಪ ಬದಲಾಗುತ್ತದೆ. ಒಂದು ರಾತ್ರಿ ಡಯಲ್ ಮೇಲೆ ಮಾಡಿ ಇಡಿ. ಮರುರಾತ್ರಿ ಗುಂಡಿ ಮೇಲೆ ಬರುವಂತೆ ನಿಲ್ಲಿಸಿ ಇಡಿ. ಮೂರನೇ ರಾತ್ರಿ ಗುಂಡಿ ಕೆಳಗೆ. ಬೆಳಗ್ಗೆ ವ್ಯತ್ಯಾಸ ಬರೆದುಕೊಳ್ಳಿ. ಹಗಲು ಮುಂದೆ ಹೋಗುವ ವಾಚನ್ನು ರಾತ್ರಿ ಹಿಂದೆ ಬೀಳುವ ಭಂಗಿಯಲ್ಲಿ ಮಲಗಿಸಿದರೆ ಎರಡೂ ಸರಿಹೋಗುತ್ತದೆ. ಮೆಷಿನ್ ಮುಟ್ಟದೆಯೇ ವಾಚು ಸರಿಮಾಡಿದ ಹಾಗಾಯಿತು.

ನಿನ್ನೆ ತನಕ ಸರಿಯಿದ್ದ ವಾಚು ಇವತ್ತು ಇದ್ದಕ್ಕಿದ್ದ ಹಾಗೆ ಹಲವು ನಿಮಿಷ ಮುಂದೆ ಓಡುತ್ತಿದೆಯಾ? ಅದಕ್ಕೆ ಬಹುತೇಕ ಅಯಸ್ಕಾಂತ ಹಿಡಿದಿದೆ. ಸ್ಪೀಕರ್, ಲ್ಯಾಪ್‌ಟಾಪ್, ಬ್ಯಾಗಿನ ಮ್ಯಾಗ್ನೆಟ್ ಗುಂಡಿ, ಫೋನಿನ ಕವರ್ ಎಲ್ಲದರಲ್ಲೂ ಅಯಸ್ಕಾಂತವಿದೆ. ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದನ್ನೊಂದು ಎಳೆದುಕೊಂಡು ಸ್ಪ್ರಿಂಗು ಗಿಡ್ಡವಾದ ಹಾಗೆ ನಡೆದುಕೊಳ್ಳುತ್ತದೆ. ಒಂದು ಪುಟ್ಟ ದಿಕ್ಸೂಚಿಯ ಮೇಲೆ ಓಡುವ ವಾಚನ್ನು ಹಿಡಿಯಿರಿ. ಸೂಜಿ ನಡುಗಿದರೆ ಅನುಮಾನ ನಿಜ. ಇದಕ್ಕೆ ರಿಪೇರಿ ಬೇಡ. ಅಯಸ್ಕಾಂತ ಬಿಡಿಸುವ ಪುಟ್ಟ ಯಂತ್ರ ಆನ್‌ಲೈನಿನಲ್ಲಿ ಅಗ್ಗಕ್ಕೇ ಸಿಗುತ್ತದೆ. ಅಂಗಡಿಯವರ ಹತ್ತಿರವೂ ಇರುತ್ತದೆ. ಆ ಯಂತ್ರದ ಗುಂಡಿ ಒತ್ತಿ ಹಿಡಿದು ವಾಚನ್ನು ಅದರ ಮೇಲಿಂದ ನಿಧಾನವಾಗಿ ಒಂದು ಮೊಳ ಎತ್ತಿ, ಆಮೇಲೆ ಗುಂಡಿ ಬಿಡಬೇಕು. ಹತ್ತು ಸೆಕೆಂಡಿನ ಕೆಲಸ.

ದಿನಕ್ಕೆ ಅರ್ಧ ನಿಮಿಷ, ಮುಕ್ಕಾಲು ನಿಮಿಷ ಎಂದು ತಿಂಗಳುಗಟ್ಟಲೆ ನಿಧಾನವಾಗಿ ಹಿಂದೆ ಬೀಳುತ್ತಾ ಹೋದರೆ ಕಾರಣ ಬೇರೆ. ಎಣ್ಣೆ ಮುಗಿಯುತ್ತಾ ಬಂದಿದೆ. ಸರ್ವಿಸಿನ ಸಮಯ ಅದು.

ಸೆಲ್ ಹಾಕುವ ವಾಚು

ಹೊಸೂರಿನಲ್ಲಿ ಟೈಟನ್ ಕಾರ್ಖಾನೆ ಬಂದ ಮೇಲೆ ಕ್ವಾರ್ಟ್ಜ್ ವಾಚು ನಮ್ಮ ಮನೆಮನೆಗೂ ಬಂತು. ಅದರ ಒಳಗಿನ ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಮಯದ ವಿಷಯದಲ್ಲಿ ಕೀ ವಾಚು ಇದರ ಹತ್ತಿರವೂ ಬರುವುದಿಲ್ಲ. 2002ರಲ್ಲಿ ಬಂದ ಟೈಟನ್ ಎಡ್ಜ್ ಪೂರ್ತಿ ವಾಚೇ 3.5 ಮಿಲಿಮೀಟರ್ ದಪ್ಪ. ಅದು ನಮ್ಮಲ್ಲೇ ಆದ ಕೆಲಸ ಎನ್ನುವುದು ನನಗೆ ಹೆಮ್ಮೆ.

ಇದರ ಆರೈಕೆ ಸುಲಭ. ಒಂದೇ ದೊಡ್ಡ ಶತ್ರು, ಒಳಗೇ ಬಿಟ್ಟ ಸತ್ತ ಸೆಲ್. ಅದು ಸೋರಿ ಒಳಗಿನ ಸರ್ಕ್ಯೂಟನ್ನು ತಿಂದುಹಾಕುತ್ತದೆ. ಸೆಕೆಂಡ್ ಮುಳ್ಳು ಒಂದೊಂದರ ಬದಲು ಎರಡೆರಡು ಅಥವಾ ನಾಲ್ಕು ನಾಲ್ಕು ಸೆಕೆಂಡ್ ನೆಗೆಯಲು ಶುರುಮಾಡಿದರೆ ಅನೇಕ ವಾಚುಗಳಲ್ಲಿ ಅದು ಸೆಲ್ ಮುಗಿಯುತ್ತಿದೆ ಎನ್ನುವ ಸೂಚನೆ. ಆಗಲೇ ಬದಲಿಸಿ. ಸಿಲ್ವರ್ ಆಕ್ಸೈಡ್ ಸೆಲ್ ಕೇಳಿ ಹಾಕಿಸಿ. ಅದರ ಮೇಲೆ ಎಸ್‌ಆರ್ ಎಂದು ಇರುತ್ತದೆ. ಅದೇ ಅಳತೆಯ ಎಲ್‌ಆರ್ ಸೆಲ್ ಅಗ್ಗ, ಆದರೆ ಬೇಗ ಮುಗಿಯುತ್ತದೆ, ಸೋರುವುದೂ ಜಾಸ್ತಿ. ವರ್ಷಗಟ್ಟಲೆ ಕಟ್ಟದೆ ಇಡುವುದಾದರೆ ಸೆಲ್ ತೆಗೆಸಿ ಇಡಿ.

ಮಳೆ, ಬೆವರು, ನೀರು

ಹಳೆಯ ಕೀ ವಾಚಿಗೆ ನೀರೇ ಬೇಡ. ಮುಚ್ಚಳದ ಮೇಲೆ ವಾಟರ್ ರೆಸಿಸ್ಟೆಂಟ್ ಎಂದು ಬರೆದಿದ್ದರೂ ನಂಬಬೇಡಿ. ಒಳಗಿನ ರಬ್ಬರ್ ಬಳೆ ಎಂದೋ ಒಣಗಿ ಬಿರುಕು ಬಿಟ್ಟಿರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಅಂಥ ವಾಚನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು.

ಹೊಸ ವಾಚಿನ ಮೇಲೆ 30 ಮೀಟರ್ ಎಂದಿದ್ದರೆ 30 ಮೀಟರ್ ಆಳಕ್ಕೆ ಇಳಿಯಬಹುದು ಎಂದು ಅರ್ಥವಲ್ಲ. ಕೈ ತೊಳೆಯುವಾಗ ಸಿಡಿದ ಹನಿಯನ್ನು ತಡೆಯುತ್ತದೆ, ಅಷ್ಟೆ. ಈಜಲು 100 ಮೀಟರ್ ಎಂದಿರುವುದೇ ಬೇಕು. ಬಿಸಿನೀರಿನ ಸ್ನಾನಕ್ಕೆ ಯಾವುದೂ ಬೇಡ. ಬಿಸಿ ಮತ್ತು ಸೋಪು ರಬ್ಬರನ್ನು ಹಾಳು ಮಾಡುತ್ತವೆ. ಸೆಲ್ ಬದಲಿಸಲು ಮುಚ್ಚಳ ತೆಗೆದಾಗಲೆಲ್ಲ ಆ ಬಳೆಗೆ ಸಿಲಿಕೋನ್ ಗ್ರೀಸ್ ಹಚ್ಚಲು ಹೇಳಿ.

ಗ್ಲಾಸಿನ ಒಳಗೆ ಮಂಜು ಕಂಡರೆ ಬಿಸಿಲಿಗೆ ಇಡಬೇಡಿ, ಅಕ್ಕಿ ಡಬ್ಬಿಯಲ್ಲೂ ಹೂಳಬೇಡಿ. ಒಳಗೆ ಸೇರಿದ ನೀರು ಸ್ಟೀಲ್ ಗಾಲಿಗಳಿಗೆ ತುಕ್ಕು ಹಿಡಿಸಲು ಜಾಸ್ತಿ ದಿನ ತೆಗೆದುಕೊಳ್ಳುವುದಿಲ್ಲ. ಅವತ್ತೇ ಅಂಗಡಿಗೆ ಒಯ್ದು ಮುಚ್ಚಳ ತೆಗೆಸಿ. ಭಾನುವಾರವಾದರೆ ಅವರ ಮನೆಗೇ ಫೋನ್ ಮಾಡಿ ಕೇಳಿಕೊಳ್ಳಿ. ಒಂದು ದಿನ ತಡವಾದರೂ ಬೆಲೆ ತೆರಬೇಕಾಗುತ್ತದೆ.

ಕಟ್ಟದೆ ಇಡುವಾಗ

ನುಸಿಗುಳಿಗೆ ಇರುವ ಬೀರುವಿನಲ್ಲಿ ವಾಚು ಇಡಬೇಡಿ. ಅದರ ಆವಿ ವಾಚಿಗೆ ಒಳ್ಳೆಯದಲ್ಲ. ಕರ್ಪೂರ, ಸೆಂಟಿನ ಬಾಟಲಿಯ ಪಕ್ಕವೂ ಬೇಡ. ಮುಚ್ಚಳವಿರುವ ಡಬ್ಬಿಯಲ್ಲಿ ಹತ್ತಿ ಬಟ್ಟೆ ಹಾಸಿ, ಒಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ವಾಚನ್ನು ಡಯಲ್ ಮೇಲೆ ಮಾಡಿ ಮಲಗಿಸಿ. ಚರ್ಮದ ಬೆಲ್ಟು ಬಿಚ್ಚಿ ಬೇರೆ ಇಡಿ. ತಿಂಗಳಿಗೊಮ್ಮೆ ಹೊರಗೆ ತೆಗೆದು ಕೀ ಕೊಟ್ಟು ಒಂದು ದಿನ ಓಡಿಸಿ. ಸಾಧ್ಯವಾದರೆ ಆ ದಿನ ಕಟ್ಟಿಕೊಂಡೇ ಓಡಾಡಿ.

ಡಬ್ಬಿಯೊಳಗೆ ಒಂದು ಚೀಟಿಯೂ ಇರಲಿ. ಸರ್ವಿಸ್ ಮಾಡಿದ ತಾರೀಕು, ಯಾವ ಭಾಗ ಬದಲಾಯಿತು, ಯಾವ ಎಣ್ಣೆ, ಸರ್ವಿಸ್ ಆದ ವಾರ ದಿನಕ್ಕೆ ಎಷ್ಟು ಸೆಕೆಂಡ್ ವ್ಯತ್ಯಾಸವಿತ್ತು, ಎಲ್ಲ ಬರೆದಿಡಿ. ವಾಚು ಯಾರದು, ಅವರು ಯಾವಾಗ ಕೊಂಡರು ಎನ್ನುವುದನ್ನೂ ಬರೆಯಿರಿ. ನನ್ನ ಡಬ್ಬಿಯ ಚೀಟಿಯಲ್ಲಿ ಹೀಗಿದೆ: "ಅಪ್ಪನ ಜನತಾ. ಮೇನ್‌ಸ್ಪ್ರಿಂಗ್ ಹೊಸದು, ಗ್ಲಾಸು ಹೊಸದು. ಡಯಲ್, ಮುಳ್ಳು ಅಪ್ಪನ ಕಾಲದ್ದೇ. ದಿನಕ್ಕೆ 12 ಸೆಕೆಂಡ್ ಮುಂದೆ."